ಕಣದ ಬದಿಯಲ್ಲೊಂದು ಆಟದ ಮೂಲೆ

ಕಾಫಿ ಕುಯ್ಲು ಶುರುವಾದ ಮೇಲೆ ತೋಟದ ಕೂಲಿಯವರ ಲೈನ್ ಮನೆಯ ಮಕ್ಕಳ ಆಟವೂ ಬದಲಾಗುತ್ತದೆ. ಮಳೆಗಾಲವಿಡೀ ಬಾಗಿಲೊಳಗೆ ಕೂತು ಅಡುಗೆ ಆಟ ಆಡುತ್ತಿದ್ದವರು ಡಿಸೆಂಬರ್ ಹೊತ್ತಿಗೆ ತೂಕದ ಆಟಕ್ಕೆ ಇಳಿಯುತ್ತಾರೆ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಕಣದ ಬದಿಗೆ ಒಬ್ಬಳು ಹುಡುಗಿ, ಐದು ವರ್ಷವಿರಬೇಕು, ಮುರಿದ ಕೊಡೆಕಡ್ಡಿಯ ಎರಡು ತುದಿಗೆ ತೆಂಗಿನ ಚಿಪ್ಪು ಕಟ್ಟಿ ತಕ್ಕಡಿ ಮಾಡಿಕೊಂಡಿದ್ದಳು. ಅವಳೇ ತೂಕ ಬರೆದುಕೊಳ್ಳುವ ರೈಟರು. ಅವಳ ತಮ್ಮ ಸಿಲ್ವರ್ ಓಕ್ ಎಲೆ ತುಂಬಿದ ಗೊಬ್ಬರದ ಚೀಲವನ್ನು ಎಳೆದುಕೊಂಡು ಬಂದು ಮುಂದಿಟ್ಟು, ‘ಎಷ್ಟಾಯ್ತು ಸಾರ್?’ ಎಂದ. ಅಕ್ಕ ನಾಲ್ಕು ಎಲೆ ತೆಗೆದು ಚಿಪ್ಪಿಗೆ ಹಾಕಿ, ಕಣ್ಣು ಕಿರಿದು ಮಾಡಿ ನೋಡಿ, ‘ಕಾಯಿ ಜಾಸ್ತಿ ಐತೆ. ನಾಳೆಯಿಂದ ಹಣ್ಣು ಮಾತ್ರ ಕುಯ್ಕಂಡ್ ಬಾ’ ಎಂದು ಗದರಿದಳು. ತಮ್ಮ ತಲೆ ತಗ್ಗಿಸಿದ. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಆ ಆಟದಲ್ಲಿ ಲೆಕ್ಕವಿತ್ತು, ಮಾತಿತ್ತು, ದೊಡ್ಡವರ ಲೋಕವನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಧೈರ್ಯವಿತ್ತು. ಸಾಮಾನಿಗೆ ಕೊರತೆಯಿರಲಿಲ್ಲ, ಕಲ್ಪನೆಗಂತೂ ಇರಲೇ ಇಲ್ಲ. ಆದರೆ ಅವರು ಕೂತಿದ್ದ ಜಾಗಕ್ಕೆ ನಾಲ್ಕು ಮಾರು ದೂರದಲ್ಲಿ ಹಣ್ಣು ತುಂಬಿದ ಪಿಕಪ್ ಹಿಂದಕ್ಕೆ ಬರುತ್ತಿತ್ತು. ಇನ್ನೊಂದು ಬದಿಗೆ ಪಲ್ಪರ್ ನೀರಿನ ಗುಂಡಿ. ನೆರಳಿಗೆಂದು ಒರಗಿದ್ದ ಗೋಡೆಯ ಬುಡದಲ್ಲಿ ಔಷಧಿ ಹೊಡೆದ ಮೇಲೆ ಬೋರಲು ಹಾಕಿದ ಡ್ರಮ್ಮುಗಳು. ಮಲೆನಾಡಿನ ಮಕ್ಕಳಿಗೆ ಆಡಲು ಏನು ಕೊಡಬೇಕು ಎಂದು ಯೋಚಿಸುವವರು ಮೊದಲು ಎಲ್ಲಿ ಆಡಲಿ ಎಂದು ಕೇಳಿಕೊಳ್ಳಬೇಕು. ಆ ಜಾಗ ಸುರಕ್ಷಿತವಾಗಿರಬೇಕು, ಬಾ ಎಂದು ಕರೆಯುವಂತಿರಬೇಕು, ಅಲ್ಲಿ ಒಬ್ಬರು ದೊಡ್ಡವರ ಕಣ್ಣಿರಬೇಕು. ಈ ಮೂರೂ ಕೂಡಿದ ಜಾಗ ನಮ್ಮ ಕಾಫಿ ಸೀಮೆಯಲ್ಲಿ ಇನ್ನೂ ಅಪರೂಪ.

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಸೇರಿ ಅಷ್ಟನ್ನೂ ಬೆಳೆಯುತ್ತವೆ. ನವೆಂಬರ್ ಕಳೆಯುತ್ತಲೇ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಫೆಬ್ರುವರಿ ದಾಟುವ ತನಕ ತೋಟಕ್ಕೆ ಕೈ ಎಷ್ಟಿದ್ದರೂ ಸಾಲದು. ಕೆಜಿ ಲೆಕ್ಕದ ಕುಯ್ಲಾದ್ದರಿಂದ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆ ತೂಕ ಮುಗಿಸಿಯೇ ಬರುವುದು. ಊರಿನವರಾದರೆ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಅಜ್ಜಿ ಇರುತ್ತಾಳೆ. ಬಯಲುಸೀಮೆಯಿಂದ, ತಮಿಳುನಾಡಿನಿಂದ, ಈಚೆಗೆ ಅಸ್ಸಾಮಿನಿಂದ ಬಂದು ಲೈನಿನಲ್ಲಿ ಇಳಿದವರಿಗೆ ಅಜ್ಜಿ ಎಲ್ಲಿಂದ ಬರಬೇಕು? ಕೂಸು ಅಮ್ಮನ ಜೊತೆ ತೋಟಕ್ಕೇ ಹೋಗುತ್ತದೆ. ಗಿಡದ ಬುಡದಲ್ಲಿ ಹಾಸಿದ ಹಳೇ ಸೀರೆಯ ಮೇಲೆ ಮಲಗುತ್ತದೆ, ಇರುವೆ ಕಚ್ಚಿದರೆ ಅಳುತ್ತದೆ. ಸ್ವಲ್ಪ ದೊಡ್ಡದಾದರೆ ಏಳೆಂಟು ವರ್ಷದ ಅಕ್ಕನ ಸೊಂಟವೇರುತ್ತದೆ. ಅಕ್ಕನ ಶಾಲೆ ಅಲ್ಲಿಗೆ ತಪ್ಪುತ್ತದೆ.

ಕಾನೂನು ಇದನ್ನು ಮರೆತಿರಲಿಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯ 12ನೇ ಸೆಕ್ಷನ್ನು ತೋಟದ ಶಿಶುಪಾಲನಾ ಕೊಠಡಿಯನ್ನು ಕುರಿತದ್ದೇ. ಐವತ್ತು ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದ ಮಾಲೀಕರು ಅವರ ಮಕ್ಕಳಿಗೆ ಕೊಠಡಿ ಒದಗಿಸಬೇಕು, ಅಲ್ಲಿ ಬೆಳಕು ಗಾಳಿ ಸಾಕಷ್ಟಿರಬೇಕು, ಶುಚಿಯಾಗಿರಬೇಕು, ಮಕ್ಕಳ ಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸಿನ ಉಸ್ತುವಾರಿ ಇರಬೇಕು ಎಂದು ಅದು ಹೇಳಿತು. 1981ರ ತಿದ್ದುಪಡಿಯ ಮೇಲೆ ಗುತ್ತಿಗೆದಾರರು ಕರೆತಂದ ಹೆಂಗಸರೂ ಲೆಕ್ಕಕ್ಕೆ ಬಂದರು, ಇಪ್ಪತ್ತು ಮಕ್ಕಳಿದ್ದರೂ ಸಾಕು ಎಂದಾಯಿತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಬಂದಿದೆ. ಅದರಲ್ಲೂ ಆರು ವರ್ಷದೊಳಗಿನ ಮಕ್ಕಳ ಕೊಠಡಿಯ ಮಾತಿದೆ, ಅಲ್ಲೂ ಐವತ್ತು ಕಾರ್ಮಿಕರ ಗೆರೆಯೇ. ಬಾಳೆಹೊನ್ನೂರು, ಕಳಸ, ಕೊಟ್ಟಿಗೆಹಾರದ ರಸ್ತೆಗಳಲ್ಲಿ ಹೋಗುತ್ತಾ ಎಡಬಲ ಕಾಣುವ ತೋಟಗಳಲ್ಲಿ ಹೆಚ್ಚಿನವು ಹತ್ತು ಇಪ್ಪತ್ತು ಎಕರೆಯವು. ಅವುಗಳಲ್ಲಿ ಕುಯ್ಲಿನ ದಿನವೂ ಐವತ್ತು ಆಳು ಸೇರುವುದಿಲ್ಲ. ಗೆರೆಯ ಈಚೆ ಉಳಿದ ಮಕ್ಕಳೇ ಹೆಚ್ಚು.

ಗೆರೆಯ ಆಚೆ ಇರುವ ದೊಡ್ಡ ಎಸ್ಟೇಟುಗಳಲ್ಲಿ ಕೊಠಡಿಯಿದ್ದರೂ ಆಟದ ಗತಿ ಬೇರೆಯೇ. ಹಳೆಯ ಕಾಯ್ದೆಯ 12ನೇ ಸೆಕ್ಷನ್ ಬೆಳಕು, ಗಾಳಿ, ಶುಚಿತ್ವವನ್ನು ಹೆಸರಿಸಿ ಹೇಳಿತ್ತು, ಆಟದ ಹೆಸರೆತ್ತಿರಲಿಲ್ಲ. ಸಲಕರಣೆಯ ವಿಚಾರವನ್ನು ರಾಜ್ಯದ ನಿಯಮಗಳಿಗೆ ಬಿಟ್ಟಿತ್ತು. ಹಾಗಾಗಿ ಸಾಲು ತೊಟ್ಟಿಲು, ಹಾಲಿನ ಪಾತ್ರೆ, ಗೋಡೆಯ ಮೇಲೆ ತಲೆಯೆತ್ತಿ ನೋಡಬೇಕಾದ ಎತ್ತರದಲ್ಲಿ ಅಕ್ಷರಮಾಲೆಯ ಚಾರ್ಟು ಇದ್ದರೆ ತಪಾಸಣೆಗೆ ಸಾಕಾಗುತ್ತದೆ. ಆಟದ ಸಾಮಾನು ಇದ್ದರೂ ಬೀರುವಿನಲ್ಲಿ. ಬೀರುವಿಗೆ ಬೀಗ.

1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡಾವಣೆಯಲ್ಲಿ ಮಾರಿಯಾ ಮಾಂಟೆಸ್ಸರಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ಇದಕ್ಕೆ ತೀರ ಹತ್ತಿರದ ಸನ್ನಿವೇಶದಲ್ಲಿ. ಕೂಲಿಕಾರರ ವಠಾರ ಅದು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮಕ್ಕಳು ಹಗಲಿಡೀ ಮೆಟ್ಟಿಲು ಗೋಡೆಗಳನ್ನು ಹಾಳುಗೆಡವುತ್ತಾರೆಂದು ವಠಾರದ ಮಾಲೀಕರೇ ಒಂದು ಕೋಣೆ ಬಿಟ್ಟುಕೊಟ್ಟರು. ಅಲ್ಲಿನ ಸಾಮಾನಿನ ಬೀರುವಿಗೂ ಬೀಗವಿತ್ತು. ಒಂದು ದಿನ ಬೀಗ ಹಾಕುವುದು ಮರೆತುಹೋಗಿತ್ತು, ಶಿಕ್ಷಕಿ ಬರುವುದೂ ತಡವಾಯಿತು. ಬಂದು ನೋಡಿದರೆ ಮಕ್ಕಳು ತಾವೇ ಬಾಗಿಲು ತೆರೆದು ಬೇಕಾದ್ದನ್ನು ತೆಗೆದುಕೊಳ್ಳುತ್ತಿದ್ದರು. ಶಿಕ್ಷಕಿಗೆ ಅದು ಕಳ್ಳತನವಾಗಿ ಕಂಡಿತು. ಮಾಂಟೆಸ್ಸರಿಗೆ ಮಕ್ಕಳು ಆರಿಸಿಕೊಳ್ಳಬಲ್ಲರು ಎಂದು ಕಂಡಿತು. ಆ ಮೇಲೆ ಎತ್ತರದ ಬೀರು ಹೋಗಿ ಗಿಡ್ಡನೆಯ ತೆರೆದ ಕಪಾಟು ಬಂತು. ನೂರಾರು ವರ್ಷದ ಶಿಶುಶಿಕ್ಷಣದ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಗಿಡ್ಡ ಕಪಾಟೇ. ಅದಕ್ಕೆ ಹಣ ಬೇಡ. ಬೀಗ ತೆಗೆಯುವ ಮನಸ್ಸು ಸಾಕು.

ಅದನ್ನು ನಮ್ಮ ನೆಲಕ್ಕೆ ತಂದವರು ಇದ್ದಾರೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಕಟ್ಟಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್, 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಬಂದು ಬಾಲವಾಡಿ ಶುರುಮಾಡಿದರು. ಅನುತಾಯಿ ವಾಘ್ ಅಲ್ಲಿ ಅವರ ಜೊತೆಯಾದರು. ಮುಂದೆ ಇಬ್ಬರೂ ಕೋಸಬಾಡ ಗುಡ್ಡದ ಆದಿವಾಸಿ ಹಾಡಿಗಳ ನಡುವೆ ನೆಲೆ ನಿಂತರು. ಪೇಟೆಯಿಂದ ತರಿಸುವ ದುಬಾರಿ ಮರದ ಸಾಮಾನಿನ ಬದಲು ಬೀಜ, ಕಪ್ಪೆಚಿಪ್ಪು, ಎಲೆ, ಕಲ್ಲುಗಳನ್ನೇ ಕಲಿಕೆಯ ಸಾಮಾನು ಮಾಡಿದರು. ಮಕ್ಕಳು ಬಾಲವಾಡಿಗೆ ಬರದಿದ್ದರೆ ಬಾಲವಾಡಿಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ದನ ಮೇಯಿಸುವ ಮಕ್ಕಳಿಗಾಗಿ ಮೇವಿನ ಬಯಲಲ್ಲೇ ಶಾಲೆ ನಡೆಸಿದರು. ಕೂಸುಗಳ ಕೊಠಡಿ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಸೂರಿನಡಿ ತಂದದ್ದರಿಂದ ತಮ್ಮ ತಂಗಿಯರನ್ನು ಎತ್ತಿಕೊಂಡು ತಿರುಗುತ್ತಿದ್ದ ಅಕ್ಕಂದಿರೂ ಶಾಲೆ ಸೇರಲು ಸಾಧ್ಯವಾಯಿತು. ಕಾಫಿ ತೋಟಕ್ಕೆ ಇದಕ್ಕಿಂತ ಹೊಂದುವ ಮಾದರಿಯನ್ನು ನಾನು ಕಂಡಿಲ್ಲ. ಘಟ್ಟದ ಕೆಳಗೆ ಪುತ್ತೂರಿನಲ್ಲಿ ಶಿವರಾಮ ಕಾರಂತರು ತಮ್ಮ ಬಾಲವನದಲ್ಲಿ ಮಕ್ಕಳನ್ನು ಬಯಲಿಗೆ, ಆಟಕ್ಕೆ, ಕುಣಿತಕ್ಕೆ ಬಿಟ್ಟು ಕಲಿಸಿದ್ದನ್ನೂ ಇಲ್ಲಿ ನೆನೆಯಬೇಕು. ಚಾರ್ಮಾಡಿ ಇಳಿದರೆ ಎಷ್ಟು ದೂರ ಪುತ್ತೂರು!

ಇನ್ನು ಜಾಗದ ವಿಚಾರ. ಮಲೆನಾಡಿನಲ್ಲಿ ಮೊದಲು ನೋಡಬೇಕಾದ್ದು ಧರೆ. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲೇ ಇಲ್ಲಿ ಎಲ್ಲವನ್ನೂ ಕಟ್ಟುವುದು, ಅದರ ಬೆನ್ನಿಗೆ ಧರೆ ನಿಂತೇ ಇರುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜಾರಿ ಮನೆ ತೋಟಗಳು ಮಣ್ಣಾದದ್ದನ್ನು ಕಂಡವರು ಮಕ್ಕಳ ಕೊಠಡಿಯನ್ನು ಧರೆಗೆ ತಾಗಿಸಿ ಕಟ್ಟಲಾರರು. ಕಣ, ಪಲ್ಪರ್, ಕೃಷಿ ಹೊಂಡ, ಔಷಧಿ ಕೋಣೆ ಇವುಗಳಿಂದ ದೂರವಿರಬೇಕು. ಲೈನಿನಿಂದ ನಡೆದು ಬರುವಷ್ಟು ಹತ್ತಿರವೂ ಇರಬೇಕು, ಹಾಲೂಡಿಸುವ ತಾಯಿ ಮಧ್ಯೆ ಒಮ್ಮೆ ಬಂದು ಹೋಗುವಂತಿರಬೇಕು. ಹೊಸ ಕಟ್ಟಡವೇ ಆಗಬೇಕೆಂದಿಲ್ಲ. ಖಾಲಿಬಿದ್ದ ಎರಡು ಲೈನ್ ಮನೆಗಳ ನಡುಗೋಡೆ ತೆಗೆದರೆ ಒಳ್ಳೆಯ ಕೋಣೆಯಾಗುತ್ತದೆ. ಮುಂದೆ ಜಗಲಿಯನ್ನು ಹತ್ತಡಿ ಚಾಚಿ ಮಾಡು ಇಳಿಸಿದರೆ ಮಳೆಗಾಲಕ್ಕೂ ಆಯಿತು.

ಒಳಗೆ ಬಂದರೆ ಎಲ್ಲವೂ ಮಗುವಿನ ಎದೆಯ ಮಟ್ಟಕ್ಕಿಂತ ಕೆಳಗಿರಲಿ. ಅಡಿಕೆ ದಬ್ಬೆ ಸೀಳಿ ಚೆನ್ನಾಗಿ ಉಜ್ಜಿ, ಕಲ್ಲಿನ ಮೇಲೆ ಎರಡು ಸಾಲು ಇಟ್ಟರೆ ಕಪಾಟು. ಅದರ ಮೇಲೆ ಹಾಳೆ ತಟ್ಟೆಗಳು, ಒಂದು ತಟ್ಟೆಗೆ ಒಂದು ಆಟ. ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದಿಟ್ಟರೆ ಮಗು ಬುಟ್ಟಿ ಬೋರಲು ಹಾಕಿ ಎದ್ದು ಹೋಗುತ್ತದೆ. ಅದೇ ಸಾಮಾನನ್ನು ಬಿಡಿಸಿ, ನಡುವೆ ಜಾಗ ಬಿಟ್ಟು ಇಟ್ಟರೆ ಮುಂದೆ ಕೂತುಬಿಡುತ್ತದೆ. ಒಂದು ಹೊತ್ತಿಗೆ ಐದಾರು ತಟ್ಟೆಗಿಂತ ಹೆಚ್ಚು ಬೇಡ. ಉಳಿದದ್ದು ಅಟ್ಟದ ಮೇಲಿರಲಿ, ವಾರಕ್ಕೊಮ್ಮೆ ಎರಡು ಇಳಿಸಿ ಎರಡು ಏರಿಸಿದರೆ ಹಳೆಯದೇ ಹೊಸದಾಗುತ್ತದೆ.

ತಟ್ಟೆಯಲ್ಲಿ ಏನಿರಬೇಕು? ಹೊಳೆಯ ದಂಡೆಯ ನುಣುಪು ಕಲ್ಲು, ಅಂಟುವಾಳ, ಗಜ್ಜುಗ, ಒಣಗಿದ ಹಾಲುವಾಣದ ಕೋಡು, ಹಲಸಿನೆಲೆ, ಮೀಟರುದ್ದ ಕತ್ತರಿಸಿದ ಬಟ್ಟೆ, ಮುಚ್ಚಳವಿರುವ ಡಬ್ಬಿಗಳು, ಅಳತೆಗೆ ಪಾವು ಚಟಾಕು. ಭದ್ರೆಯ ದಡದ ಕಳಸದಲ್ಲಿ ಇಂಥ ಕಲ್ಲಿಗೇನು ಬರ! ಆದರೆ ಸಾಮಾನು ಇಟ್ಟರೆ ಮುಗಿಯಲಿಲ್ಲ. ಇಡುವ ರೀತಿಯಲ್ಲೇ ಕರೆಯಿದೆ. ಕೊಠಡಿ ನೋಡಿಕೊಳ್ಳುವ ಆಯಾ ಮಕ್ಕಳಿಗಿಂತ ಅರ್ಧ ಗಂಟೆ ಮುಂಚೆ ಬಂದು ಒಂದೊಂದು ತಟ್ಟೆಯಲ್ಲೂ ಏನನ್ನಾದರೂ ಅರ್ಧ ಮಾಡಿ ಬಿಡಬೇಕು. ಮರಳಿನ ತಟ್ಟೆಯಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ನಾಲ್ಕು ಕಲ್ಲು ಸಾಲಾಗಿ, ಐದನೆಯದು ಪಕ್ಕದಲ್ಲಿ ಸುಮ್ಮನೆ. ಮೂರು ಕಲ್ಲಿನ ಒಲೆ ಹೂಡಿ, ಮೇಲೆ ಪುಟ್ಟ ಪಾತ್ರೆ, ಬದಿಗೆ ಕಡ್ಡಿ. ಪಾತ್ರೆಯಲ್ಲಿ ಮಾತ್ರ ಏನೂ ಇಲ್ಲ. ದಾರಕ್ಕೆ ಎರಡು ಅಂಟುವಾಳ ಪೋಣಿಸಿ, ದಾರದ ತುದಿಯನ್ನು ತಟ್ಟೆಯಂಚಿಗೆ ಬಿಡುವುದು. ಬಾಗಿಲಲ್ಲಿ ನಿಂತ ಮಗುವಿನ ಕಣ್ಣು ಅಂಥದ್ದರ ಮೇಲೆ ಬಿದ್ದರೆ ಕಾಲು ತಾನಾಗಿ ಅತ್ತ ಹೋಗುತ್ತದೆ. ಐದನೇ ಕಲ್ಲನ್ನು ಅದು ಸಾಲಿನ ಕೊನೆಗಿಡಬಹುದು, ಎಲ್ಲವನ್ನೂ ಕೆಡವಿ ಗುಬ್ಬಚ್ಚಿ ಗೂಡು ಕಟ್ಟಬಹುದು. ಎರಡೂ ಸರಿ. ಹೀಗೆ ಮಾಡು ಎಂದು ಹೇಳಿದ ಕ್ಷಣ ಆಟ ಸತ್ತು ಪಾಠ ಶುರುವಾಗುತ್ತದೆ.

ಇಂಥ ಬಿಡಿ ಸಾಮಾನಿನ ಪರವಾಗಿ 1971ರಲ್ಲಿ ಬ್ರಿಟನ್ನಿನ ಕಲಾವಿದ ಸೈಮನ್ ನಿಕಲ್ಸನ್ ಒಂದು ಲೇಖನ ಬರೆದರು. ಎತ್ತಿಡಲು, ಜೋಡಿಸಲು, ಬೇರೆಯಾಗಿಸಲು ಆಗುವ ವಸ್ತುಗಳು ಹೆಚ್ಚಿದ್ದಷ್ಟೂ ಮಕ್ಕಳ ಸೃಷ್ಟಿಶೀಲತೆ ಹೆಚ್ಚು, ಎಲ್ಲವನ್ನೂ ದೊಡ್ಡವರೇ ಮಾಡಿ ಮುಗಿಸಿ ಕೊಡುವ ಆಟದ ಮೈದಾನಗಳು ಮಕ್ಕಳಿಗೆ ಮಾಡುವ ಮೋಸ ಎಂಬುದು ಅವರ ವಾದ. ಅದಕ್ಕೂ ಮೊದಲು, 1943ರಲ್ಲಿ, ಯುದ್ಧದ ನಡುವೆಯೇ ಕೋಪನ್‌ಹೇಗನ್ನಿನ ಎಂಡ್ರಪ್‌ನಲ್ಲಿ ಹಲಗೆ, ಇಟ್ಟಿಗೆ, ಹಗ್ಗಗಳನ್ನಷ್ಟೇ ತುಂಬಿದ ಆಟದ ಬಯಲೊಂದು ತೆರೆದಿತ್ತು. ಸಿ.ಟಿ. ಸೊರೆನ್ಸನ್ ಎಂಬ ಉದ್ಯಾನ ವಿನ್ಯಾಸಕಾರ ಅದರ ಹಿಂದಿದ್ದರು. ತಾವು ವಿನ್ಯಾಸ ಮಾಡಿದ ಚೆಂದದ ಮೈದಾನಗಳನ್ನು ಬಿಟ್ಟು ಮಕ್ಕಳು ಗುಜರಿಯಲ್ಲಿ ಆಡುವುದನ್ನು ಅವರು ಗಮನಿಸಿದ್ದರು. ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಸೋಗೆ ಹಿಡಿದು ಇನ್ನೊಬ್ಬ ಎಳೆಯುವ ಗಾಡಿಯನ್ನು ಕಂಡುಹಿಡಿದ ನಮ್ಮ ಅಡಿಕೆ ತೋಟದ ಮಕ್ಕಳು ನಿಕಲ್ಸನ್ ಅವರ ಲೇಖನವನ್ನು ಓದಬೇಕಾಗಿರಲಿಲ್ಲ. ಓದಬೇಕಾದವರು ಅಂಗನವಾಡಿಗೆ ಸಾಮಾನು ಖರೀದಿಸುವವರು.

ನೀರಿನ ಆಟಕ್ಕೆ ಪ್ರತ್ಯೇಕ ಜಾಗ ಬೇಕು. ಜಗಲಿಯ ಅಂಚಿನಲ್ಲಿ ಅಗಲ ಬಾಯಿಯ ಬೋಗುಣಿ, ಅದರಲ್ಲಿ ನಾಲ್ಕು ಬೆರಳು ನೀರು, ಎರಡು ಚಿಪ್ಪು, ಒಂದು ಸೌಟು, ಸೀಳಿದ ವಾಟೆಯ ದೋಣಿ. ಒಬ್ಬ ಸುರಿಯುತ್ತಾನೆ, ಒಬ್ಬ ಹಿಡಿಯುತ್ತಾನೆ, ಇನ್ನೊಬ್ಬಳು ವಾಟೆಯ ಕೊನೆಯಲ್ಲಿ ಎಲೆ ತೇಲಿಬಿಟ್ಟು ಕಾಯುತ್ತಾಳೆ. ಅರ್ಧ ಗಂಟೆ ಯಾರಿಗೂ ಯಾರೂ ಬೇಡ. ನೀರನ್ನು ಆಟ ಮುಗಿದ ಕೂಡಲೇ ಚೆಲ್ಲಿಬಿಡಬೇಕು. ಬಕೆಟ್ಟಿನ ಒಂದಡಿ ನೀರು ಕೂಸಿನ ಜೀವ ತೆಗೆಯಲು ಸಾಕು. ಇದನ್ನು ಆಯಾಗೆ ಹೇಳುವವರು ಒಮ್ಮೆ ಹೇಳಿ ಸುಮ್ಮನಾಗಬಾರದು.

ಅಡಗುವ ಜಾಗವೂ ಬೇಕು. ಅಪರಿಚಿತ ಊರಿಗೆ ಬಂದಿಳಿದ ಮಗುವಿಗೆ ಮೊದಲ ವಾರ ಆಟಕ್ಕಿಂತ ಅದೇ ಮುಖ್ಯ. ಬೆಂಚಿನ ಮೇಲೆ ಕಂಬಳಿ ಇಳಿಬಿಟ್ಟು ಒಳಗೆ ಅಮ್ಮನ ಹಳೇ ಸೀರೆ ಹಾಸಿದರೆ, ಅಲ್ಲಿ ಕೂತು ಉಳಿದವರ ಆಟವನ್ನು ಕಂಬಳಿಯ ಸಂದಿಯಿಂದ ನೋಡುತ್ತಾ ನೋಡುತ್ತಾ ಅದು ಹೊರಬರುತ್ತದೆ. ಭಾಷೆ ಬಾರದ ಮಗುವಿನ ವಿಷಯದಲ್ಲಂತೂ ಇದು ಇನ್ನೂ ನಿಜ. ಈಗ ಒಂದೇ ಲೈನಿನಲ್ಲಿ ಕನ್ನಡ, ತುಳು, ತಮಿಳು, ಲಂಬಾಣಿ, ಅಸ್ಸಾಮಿ ಮಾತಾಡುವ ಮನೆಗಳಿರುತ್ತವೆ. ಚಾರ್ಟಿನ ‘ಅ’ ಅಕ್ಷರದ ಮುಂದೆ ಅಸ್ಸಾಮಿನ ಮಗು ಮೂಕವಾಗುತ್ತದೆ. ಒಲೆ ಹೂಡಿದ ಮೂರು ಕಲ್ಲಿನ ಮುಂದೆ ಆಗುವುದಿಲ್ಲ. ಬೆಂಕಿ ಊದುವುದು, ಬಿಸಿ ಎಂದು ಕೈ ಕೊಡವುವುದು, ಬಡಿಸುವುದು ಎಲ್ಲ ಮನೆಯಲ್ಲೂ ಒಂದೇ. ತಿಂಗಳೊಪ್ಪತ್ತಿನಲ್ಲಿ ಅದರ ಬಾಯಲ್ಲಿ ‘ಅನ್ನ ಹಾಕ್ಲಾ?’ ಬಂದಿರುತ್ತದೆ. ಇತ್ತಣ ಮಕ್ಕಳು ‘ಭಾತ್’ ಎನ್ನುತ್ತಿರುತ್ತಾರೆ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಹಾರ, ಕಳಸದ ಸುತ್ತ ಅಂಗಳವೆಂಬುದೇ ಇರುವುದಿಲ್ಲ, ಇಂಬಳ ಹೊಸ್ತಿಲು ದಾಟಿ ಬರುತ್ತವೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಆಯಾ ಹೇಳುವ ಕತೆ ಎದುರು ಕೂತ ಮಗುವಿಗೂ ಕೇಳುವುದಿಲ್ಲ. ಆಗ ಕೈಕೆಲಸದ ಆಟಗಳೇ ಗತಿ. ಒಂದು ಗೋಡೆಗೆ ನೆಲದಿಂದ ಮೂರಡಿಯವರೆಗೆ ಕೆಮ್ಮಣ್ಣು ಬಳಿದು ಸುಣ್ಣದ ಬಳಪ ಕೊಟ್ಟರೆ ಗೀಚಲು ಜಾಗವಾಯಿತು. ವಾರಕ್ಕೊಮ್ಮೆ ಮತ್ತೆ ಬಳಿದರೆ ಗೋಡೆ ಹೊಸದು. ಒಲೆಯ ತಣ್ಣಗಿನ ಇದ್ದಿಲೂ ಆಗಬಹುದು. ಚಿತ್ರಪುಸ್ತಕಗಳನ್ನು ಹಗ್ಗ ಕಟ್ಟಿ ಮುಖಪುಟ ಕಾಣುವಂತೆ ನೇತುಹಾಕಬೇಕು, ಬೆನ್ನು ಕಾಣುವಂತೆ ಜೋಡಿಸಿಟ್ಟ ಪುಸ್ತಕ ಓದಲು ಬಾರದವರಿಗೆ ಪುಸ್ತಕವೇ ಅಲ್ಲ. ಪ್ರಥಮ್ ಬುಕ್ಸ್‌ನಂಥವರು ಕಡಿಮೆ ಬೆಲೆಗೆ ಕನ್ನಡದಲ್ಲಿ ತಂದಿರುವ ಚಿತ್ರಪುಸ್ತಕಗಳು ಒಂದು ಕೂಲಿ ದಿನದ ದುಡ್ಡಿಗೆ ಹಲವು ಬರುತ್ತವೆ. ಮಳೆ ಹೊಳವಾದಾಗ ಹೊರಗೆ ಬಿಡಲೇಬೇಕು. ಮಾಡಿನಿಂದ ಇಳಿಯುವ ನೀರಿಗೆ ಕೈಯೊಡ್ಡದೆ ಬೆಳೆಯುವ ಮಲೆನಾಡಿನ ಮಗು ನನಗೆ ಕಲ್ಪಿಸಿಕೊಳ್ಳಲೂ ಆಗದು. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟ ಬೆಳ್ಳಗಾದ ಕೆಲವೇ ದಿನ ಉದುರಿದ ಕಾಫಿ ಹೂವನ್ನು ಬುಟ್ಟಿಗಟ್ಟಲೆ ತಂದು ಕೊಟ್ಟರೆ ಬೇರೆ ಯಾವ ಆಟದ ಸಾಮಾನೂ ಬೇಡ.

ಕೊಡಬಾರದವೂ ಇವೆ, ಅವನ್ನು ಆಯಾ ಬಾಯಿಪಾಠ ಮಾಡಿಕೊಂಡಿರಬೇಕು. ಗುಲಗಂಜಿ ಎಷ್ಟು ಚೆಂದವಿದ್ದರೂ ಬೇಡ, ಜಗಿದು ನುಂಗಿದರೆ ಅದು ಘೋರ ವಿಷ. ಹರಳು ಬೀಜವೂ ಹಾಗೆಯೇ, ಉಮ್ಮತ್ತಿಯೂ ಕಣಗಿಲೆಯೂ ಹಾಗೆಯೇ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಡ್ರಮ್ಮು, ಕಳೆನಾಶಕದ ಕ್ಯಾನು ಎಷ್ಟು ತೊಳೆದರೂ ಆಟಕ್ಕೆ ಬರಬಾರದು. ಮೂರು ವರ್ಷದೊಳಗಿನವರು ಎಲ್ಲವನ್ನೂ ಬಾಯಿಗೆ ಹಾಕುತ್ತಾರೆ. ಅವರಿಗೆ ಬೇರೆ ಚಾಪೆ, ಬಾಯಿಗೆ ಹಿಡಿಸದ ದೊಡ್ಡ ಸಾಮಾನು. ಅಂಟುವಾಳದ ತಟ್ಟೆ ಅವರ ಕೈಗೆ ಎಟುಕಬಾರದು.

‘ಆಟ ಆಡ್ಸೋಕೆ ಅಲ್ಲಿಗೆ ಯಾಕೆ ಕಳಿಸ್ಬೇಕು, ಎಬಿಸಿಡಿ ಕಲಿಸೋದಾದ್ರೆ ಹೇಳಿ’ ಎನ್ನುವ ಅಪ್ಪಂದಿರಿದ್ದಾರೆ. ಅವರ ಆಸೆಯನ್ನು ಹಗುರವಾಗಿ ಕಾಣಬಾರದು. ತಮ್ಮ ಮಕ್ಕಳು ಕುಕ್ಕೆ ಹೊರಬಾರದೆಂಬ ತಹತಹ ಅದು. ಅವರನ್ನು ಒಂದು ಬೆಳಿಗ್ಗೆ ಕರೆದು ಕೂರಿಸಿ ಆಟ ತೋರಿಸಬೇಕು. ಅಂಟುವಾಳಕ್ಕೆ ದಾರ ಪೋಣಿಸುವ ಬೆರಳೇ ನಾಳೆ ಪೆನ್ಸಿಲು ಹಿಡಿಯುವುದು. ಪಾವಿನಲ್ಲಿ ಅಳೆದು ಸುರಿದವರಿಗೆ ಹೆಚ್ಚು ಕಡಿಮೆ ಎಂಬುದು ಗೊತ್ತು. ಕರ್ನಾಟಕದ ಅಂಗನವಾಡಿಗಳ ‘ಚಿಲಿಪಿಲಿ’ ಪಠ್ಯವೂ, 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಈ ವಯಸ್ಸಿಗೆ ಆಟವೇ ಕಲಿಕೆಯ ದಾರಿ ಎಂದು ಒಪ್ಪಿವೆ. ಆದರೂ ಹಲವು ಕಡೆ ಟೀಚರಿಗೆ ಪೌಷ್ಟಿಕ ಆಹಾರದ ಲೆಕ್ಕ, ಮೊಬೈಲ್ ಆ್ಯಪು, ಸಮೀಕ್ಷೆಗಳ ಮಧ್ಯೆ ತಟ್ಟೆ ಜೋಡಿಸುವ ಅರ್ಧ ಗಂಟೆ ಸಿಗುವುದಿಲ್ಲ. ಅವರ ಕೆಲಸದ ಪಟ್ಟಿಯಿಂದ ಒಂದೆರಡನ್ನು ತೆಗೆಯದೆ ಆಟ ಆಡಿಸಿ ಎಂದು ಸುತ್ತೋಲೆ ಕಳಿಸುವುದು ನ್ಯಾಯವಲ್ಲ.

ಅಂಗನವಾಡಿ ಇದೆಯಲ್ಲ, ತೋಟದಲ್ಲಿ ಇನ್ನೊಂದೇಕೆ ಎಂದರೆ ದೂರ. ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಶುರುವಾದ ಅಂಗನವಾಡಿ ಇಂದು ಈ ಗುಡ್ಡಗಳಲ್ಲೂ ಇದೆ. ಆದರೆ ತೋಟದ ಒಳಗಿನ ಲೈನಿನಿಂದ ಅಲ್ಲಿಗೆ ಮೂರು ವರ್ಷದ ಮಗು ಎರಡು ಮೂರು ಕಿಲೋಮೀಟರ್ ಕಾಡುದಾರಿ ನಡೆಯಲಾರದು. ಆಲ್ದೂರು, ಮೂಡಿಗೆರೆ ಕಡೆ ಆನೆ ಇಳಿದಿದೆಯೆಂದರೆ ದೊಡ್ಡವರೇ ಹೊರಡುವುದಿಲ್ಲ. 2023–24ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ‘ಕೂಸಿನ ಮನೆ’ಗಳು 4,000 ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೆಲಸದ ತಾಯಂದಿರಿಗಾಗಿ ಬಂದವು. ಒಳ್ಳೆಯ ಯೋಜನೆ. ತೋಟದ ಕೂಲಿಗೆ ಹೋಗುವವಳ ಕೂಸಿಗೂ ಅದರ ಬಾಗಿಲು ತೆರೆಯುವಂತಾಗಬೇಕು, ಕುಯ್ಲಿನ ನಾಲ್ಕು ತಿಂಗಳಾದರೂ.

ಸಾಹುಕಾರರ ಮನೆಯ ಮಕ್ಕಳ ಬಗ್ಗೆಯೂ ಒಂದು ಮಾತು. ಬಂಗಲೆಯ ಹಾಲಿನಲ್ಲಿ ಬೆಂಗಳೂರಿನಿಂದ ತಂದ ಕಾರು ಗೊಂಬೆಗಳು ಗಾಜಿನ ಶೋಕೇಸಿನೊಳಗೆ ನೆಂಟರಿಗೆ ಕಾಣುವಂತೆ ಇರುತ್ತವೆ, ಮಗು ಮೊಬೈಲು ಹಿಡಿದು ಸೋಫಾದಲ್ಲಿರುತ್ತದೆ. ಸ್ಯಾನ್ ಲೊರೆಂಜೊದ ಬೀಗ ಅಲ್ಲೂ ಬಿದ್ದಿದೆ. ಹೋಂಸ್ಟೇ ಅಂಗಳದಲ್ಲಿ ಪ್ಲಾಸ್ಟಿಕ್ ಜಾರುಬಂಡೆ ತರಿಸುವ ಮುನ್ನ, ಅದೇ ಅಂಗಳದಲ್ಲಿ ಒಂದು ಗಾಡಿ ಹೊಳೆಮರಳು, ಹತ್ತು ಹಾಳೆ, ನಾಲ್ಕು ಬೋಗುಣಿ ಇಟ್ಟು ನೋಡಲಿ. ಲೈನಿನ ಮಕ್ಕಳನ್ನೂ ಸೇರಿಸಲಿ. ಆಟ ಕಲಿಸುವವರು ಅವರೇ ಆಗುತ್ತಾರೆ.

ಖರ್ಚು ಯಾರದ್ದು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ, ನಿಲ್ಲಲೇಬೇಕು. ಬೆಲೆ ಕುಸಿದ ವರ್ಷಗಳನ್ನು ಕಂಡ ಸಣ್ಣ ಬೆಳೆಗಾರನ ಮೇಲೆ ಇನ್ನೊಂದು ಹೊರೆ ಹೊರಿಸುವುದು ನನ್ನ ಉದ್ದೇಶವಲ್ಲ. ಸಾಮಾನಿನ ಖರ್ಚು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ನಿಜವಾದ ಖರ್ಚು ಆಯಾ ಸಂಬಳ. ಕುಯ್ಲಿಗೆ ಹೋದವಳಿಗಿಂತ ಕಡಿಮೆ ಕೂಲಿಗೆ ಯಾವ ಬುದ್ಧಿವಂತ ಹೆಂಗಸೂ ಮಕ್ಕಳನ್ನು ನೋಡಿಕೊಳ್ಳಲು ಕೂರುವುದಿಲ್ಲ, ಕೂರಲೂಬಾರದು. ಒತ್ತಿನಲ್ಲಿರುವ ಐದಾರು ತೋಟದವರು ಆಳು ತರುವ ಜೀಪಿನ ಬಾಡಿಗೆಯನ್ನು ಹಂಚಿಕೊಳ್ಳುವುದು ಇಲ್ಲಿ ಹೊಸದಲ್ಲ. ಅದೇ ಲೆಕ್ಕದಲ್ಲಿ ಒಂದು ಕೋಣೆ, ಇಬ್ಬರು ಆಯಾಗಳ ಸಂಬಳವನ್ನು ಎಕರೆಗಿಷ್ಟೆಂದು ಹಂಚಿಕೊಳ್ಳಬಹುದು. ಇಬ್ಬರು ಯಾಕೆಂದರೆ ಕೂಸುಗಳಿಗೊಬ್ಬಳು, ನಡೆದಾಡುವವರಿಗೊಬ್ಬಳು. ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್, ಬೆಳೆಗಾರರ ಒಕ್ಕೂಟ ಮನಸ್ಸು ಮಾಡಿದರೆ ಪ್ರತಿ ಹೋಬಳಿಯಲ್ಲಿ ಇಂಥ ಒಂದೊಂದನ್ನು ಮುಂದಿನ ಹಂಗಾಮಿಗೇ ತೆರೆಯಬಹುದು. ಅಂಗನವಾಡಿ ಮೇಲ್ವಿಚಾರಕಿಯರು ಆಯಾಗಳಿಗೆ ತರಬೇತಿ ಕೊಡಬಹುದು.

ಕೆಲಸ ಶುರುವಾಗಬೇಕಾದ್ದು ಅಕ್ಟೋಬರಿನಲ್ಲಿ, ಮಳೆ ಹಿಂದೆ ಸರಿದು ಮೇಸ್ತ್ರಿ ಈ ಸಲ ಎಷ್ಟು ಆಳು ಬೇಕೆಂದು ಕೇಳಲು ಬರುವಾಗ. ಅವನ ಪಟ್ಟಿಯಲ್ಲಿ ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು ಎಂಬ ಎರಡು ಸಾಲುಗಳಿರುತ್ತವೆ. ಮೂರನೆಯ ಸಾಲಿನಲ್ಲಿ ಆರು ವರ್ಷದೊಳಗಿನ ಮಕ್ಕಳೆಷ್ಟು, ಯಾರ್‍ಯಾರಿಗೆ ಎಷ್ಟು ವಯಸ್ಸು, ಮನೆಯಲ್ಲಿ ಯಾವ ಭಾಷೆ ಎಂದು ರೈಟರು ಬರೆದುಕೊಳ್ಳಲಿ. ಕೋಣೆ ಎಷ್ಟು ದೊಡ್ಡದಿರಬೇಕು, ಚಾಪೆ ಎಷ್ಟು, ಹಾಳೆ ತಟ್ಟೆ ಎಷ್ಟು ಎಂಬುದು ಆ ಸಾಲಿನಿಂದಲೇ ಗೊತ್ತಾಗುತ್ತದೆ.